ಗಾಡಿಯ ಚಕ್ರವೂ ಮಹಾವೀರಾಚಾರ್ಯರೂ

ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸುತ್ತಿದ್ದ ದಿನಗಳಲ್ಲಿ, ವೃತ್ತದ ಪಾಠ ಬಂದಾಗಲೆಲ್ಲ ಪಠ್ಯಪುಸ್ತಕವನ್ನು ಬದಿಗಿಟ್ಟು ಮಹಾವೀರಾಚಾರ್ಯರ ವಿಷಯ ಹೇಳುವುದು ನನ್ನ ರೂಢಿಯಾಗಿತ್ತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಜೈನ ವಿದ್ವಾಂಸರು ಅವರು. “ಪೈ ಬೆಲೆಯನ್ನು ನಮ್ಮವರು ಅಂದೇ ನಿಖರವಾಗಿ ಬಲ್ಲವರಾಗಿದ್ದರು” ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ.

ಆಚಾರ್ಯರು ಪರಿಧಿಗೆ ಎರಡು ಲೆಕ್ಕ ಕೊಟ್ಟಿದ್ದಾರೆ. ಸ್ಥೂಲವಾಗಿ ವ್ಯಾಸದ ಮೂರು ಪಟ್ಟು. ಸೂಕ್ಷ್ಮವಾಗಿ ವ್ಯಾಸವನ್ನು ಹತ್ತರ ವರ್ಗಮೂಲದಿಂದ, ಅಂದರೆ ಸುಮಾರು 3.162ರಿಂದ, ಗುಣಿಸಬೇಕು. ಒಂದು ವರ್ಷ ಇದನ್ನು ಬರೆಸುತ್ತಿದ್ದಾಗ ಕಮ್ಮಾರರ ಮನೆಯ ಹುಡುಗನೊಬ್ಬ ಎದ್ದು ನಿಂತ. “ಸಾರ್, ಈ ಲೆಕ್ಕಕ್ಕೆ ಪಟ್ಟಿ ಕತ್ತರಿಸಿದ್ರೆ ಚಕ್ರದ ಮೇಲೆ ನಿಲ್ಲಲ್ಲ.”

ಮರುದಿನ ಸಂಜೆ ಅವನ ತಂದೆಯ ಕುಲುಮೆಗೆ ಹೋದೆ. ಎತ್ತಿನ ಗಾಡಿಯ ಚಕ್ರದ ವ್ಯಾಸ ನಾಲ್ಕೂವರೆ ಅಡಿ, ಅಂದರೆ 54 ಅಂಗುಲ. ಆತ ಯಾವ ಗುಣಾಕಾರವನ್ನೂ ಮಾಡಲಿಲ್ಲ. ಚಕ್ರವನ್ನೇ ಕಬ್ಬಿಣದ ಪಟ್ಟಿಯ ಮೇಲೆ ಒಂದು ಸುತ್ತು ಉರುಳಿಸಿ, ಗುರುತು ಹಾಕಿ, ಅದಕ್ಕಿಂತ ಅಂಗುಲದಷ್ಟು ಒಳಗೇ ಕತ್ತರಿಸಿದರು. ತುದಿಗಳನ್ನು ಬೆಸೆದು, ಕೆಂಪಗೆ ಕಾಯಿಸಿ, ಹಿಗ್ಗಿದ ಬಳೆಯನ್ನು ಚಕ್ರಕ್ಕೆ ತೊಡಿಸಿ ನೀರು ಹೊಯ್ದಾಗ ಮರದ ಕೀಲುಗಳೆಲ್ಲ ಕಿರಗುಟ್ಟಿ ಬಿಗಿದುಕೊಂಡವು. ನಾನು ಪಕ್ಕದಲ್ಲೇ ಕುಳಿತು ಲೆಕ್ಕ ಹಾಕಿದೆ. ನಿಜವಾದ ಸುತ್ತಳತೆ 169.6 ಅಂಗುಲ. ಆಚಾರ್ಯರ ಸೂಕ್ಷ್ಮ ಲೆಕ್ಕದಲ್ಲಿ 170.8. ಪಟ್ಟಿ ಒಂದು ಅಂಗುಲ ಕಿರಿದಾಗಿರಬೇಕಾದಲ್ಲಿ ಒಂದು ಅಂಗುಲಕ್ಕೂ ಮಿಗಿಲಾಗಿ ಹಿರಿದಾಗುತ್ತದೆ! ಹುಡುಗನ ಮಾತೇ ಸರಿ.

ಆ ರಾತ್ರಿ ಪುಸ್ತಕಗಳನ್ನು ಮತ್ತೆ ತೆರೆದೆ. ಆರ್ಯಭಟನು ಕ್ರಿ.ಶ. 499ರಲ್ಲೇ 20000 ವ್ಯಾಸಕ್ಕೆ 62832 ಪರಿಧಿಯೆಂದು ಹೇಳಿದ್ದ, ಅದು 3.1416. ಅದಾದ ಮೂರೂವರೆ ಶತಮಾನಗಳ ಮೇಲೆ ನಮ್ಮ ಆಚಾರ್ಯರು ಅದಕ್ಕಿಂತ ಒರಟಾದ ಬೆಲೆಯನ್ನೇ ಸೂಕ್ಷ್ಮವೆಂದರು. ಹತ್ತರ ವರ್ಗಮೂಲ ಪ್ರಾಚೀನ ಜೈನ ಗ್ರಂಥಗಳಲ್ಲಿ ಬಳಕೆಯಲ್ಲಿತ್ತು; 628ರಲ್ಲಿ ಬ್ರಹ್ಮಗುಪ್ತನೂ ಅದನ್ನೇ ಹಿಡಿದಿದ್ದ. ಪರಂಪರೆಯ ಮೇಲಿನ ಗೌರವವೇ ಇದಕ್ಕೆ ಕಾರಣವೆಂಬುದು ನನ್ನ ಊಹೆ. ಹಾಗೆಂದು ಅವರನ್ನು ಹಗುರವಾಗಿ ಕಾಣಲಾಗದು. ನಮ್ಮ ಗಣಿತಜ್ಞರಲ್ಲಿ ಹೆಚ್ಚಿನವರು ಮುಟ್ಟದ ಆಯತವೃತ್ತದ, ಅಂದರೆ ದೀರ್ಘವೃತ್ತದ, ಪರಿಧಿಗೂ ಸೂತ್ರ ಕೊಡಲೆತ್ನಿಸಿದ ಧೈರ್ಯ ಅವರದು.

ನನ್ನ ಹುಟ್ಟೂರು ಚಾಮರಾಜನಗರದಲ್ಲಿ ಹೊಯ್ಸಳ ದಂಡನಾಯಕ ಪುಣಿಸನು 1117ರಲ್ಲಿ ಕಟ್ಟಿಸಿದ ಬಸದಿಯಿದೆ. ಅದೇ ಶತಮಾನದಲ್ಲಿ ರಾಜಾದಿತ್ಯನು ಕ್ಷೇತ್ರಗಣಿತವನ್ನು ಕನ್ನಡಕ್ಕೆ ತಂದ. ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗುವ ಕೇರಳದಲ್ಲಿ, 14ನೆಯ ಶತಮಾನದ ಮಾಧವನು ಪೈ ಬೆಲೆಯನ್ನು ಹತ್ತಕ್ಕೂ ಹೆಚ್ಚು ದಶಮಾಂಶ ಸ್ಥಾನಗಳವರೆಗೆ ಒಯ್ದ.

ಮುಂದಿನ ವರ್ಷದಿಂದ ಕಪ್ಪುಹಲಗೆಯ ಮೇಲೆ 3, 3.162, 3.1416 ಎಂದು ಬರೆದು, ಪಟ್ಟಿ ಕತ್ತರಿಸಲು ಯಾವುದು ಸರಿಯೆಂದು ಕೇಳತೊಡಗಿದೆ. ಎಲ್ಲರೂ ಕೊನೆಯದನ್ನೇ ಹೇಳುತ್ತಿದ್ದರು. ಕಮ್ಮಾರರ ಮನೆಯ ಆ ಹುಡುಗನ ತಮ್ಮ ಮಾತ್ರ “ಯಾವುದೂ ಅಲ್ಲ ಸಾರ್” ಎಂದ.