ಗಡ್ಡೆಯ 36 ಫೋಟೋ: ರೀಲ್ ಕ್ಯಾಮೆರಾದಲ್ಲಿ ಉಳಿದ ನಮ್ಮೂರ ಚರಿತ್ರೆ

1️⃣
ರೀಲ್ ಅಂದ್ರೆ ನಮಗೆ ಫೋನಿನಲ್ಲಿ ಓಡೋ ಪುಟ್ಟ ವಿಡಿಯೋ. ನಮ್ಮ ಅಪ್ಪ-ಅಮ್ಮನ ಕಾಲಕ್ಕೆ ರೀಲ್ ಅಂದ್ರೆ ಡಬ್ಬಿಯೊಳಗೆ ಸುತ್ತಿಟ್ಟ 36 ಫೋಟೋ. ಮುಗೀತು ಅಂದ್ರೆ ಮುಗೀತು. ಸ್ಟುಡಿಯೋಗೆ ಕೊಟ್ಟು, ತೊಳೆಸಿ, ಪ್ರಿಂಟ್ ಬರೋವರೆಗೂ ಕಾಯಬೇಕು.

ಈ ಕಂತು ಆ ಹಳೇ ರೀಲಿನ ಬಗ್ಗೆ. ಜಾಗ ವಿರುಪಾಪುರ ಗಡ್ಡೆ. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯವರಿಗೆ ಪರಿಚಯ ಮಾಡಿಕೊಡೋದೇ ಬೇಡ. ಹೊರಗಿನವರು ಇದನ್ನ 'ಹಿಪ್ಪಿ ಐಲ್ಯಾಂಡ್' ಅಂತ ಕರೆದರು. ಅಲ್ಲಿ ರಜೆ ಕಳೆದವರು ಸುಮ್ಮನೆ ಖುಷಿಗೆ ತೆಗೆದ ಫೋಟೋಗಳು ಇವತ್ತು ಚರಿತ್ರೆಯ ದಾಖಲೆ ಆಗಿವೆ. ಹೇಗೆ ಅಂತ ನೋಡೋಣ ಬನ್ನಿ 👉

2️⃣
ಮೊದಲು ಹೆಸರು. ಗಡ್ಡೆ ಅಂದ್ರೆ ನಡುಗಡ್ಡೆ, ಸುತ್ತ ನೀರು ಇರೋ ನೆಲ. ಇಲ್ಲಿ ಗಡ್ಡೆಯ ಮೇಲೇ ಭತ್ತದ ಗದ್ದೆಯೂ ಇದೆ, ಅದಕ್ಕೇ ಹೊಸಬರು ಎರಡೂ ಪದ ಕಲಸಿಬಿಡ್ತಾರೆ! ಹಂಪಿಯ ವಿರೂಪಾಕ್ಷ ಗುಡಿ ಕಡೆಯ ಹೊಳೆದಂಡೆಯಲ್ಲಿ ನಿಂತರೆ ತುಂಗಭದ್ರೆಯ ಆಚೆ ಎದುರಿಗೇ ಕಾಣುತ್ತೆ. ಈಚೆ ದಡ ವಿಜಯನಗರ ಜಿಲ್ಲೆ, ಆಚೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು.

ದೋಣಿಯಲ್ಲಿ ಕೆಲವೇ ನಿಮಿಷದ ದಾರಿ. ರಸ್ತೆಯಲ್ಲಿ ಹೋಗೋದಾದರೆ ಆಗೆಲ್ಲ ಕಂಪ್ಲಿ, ಗಂಗಾವತಿ ಮೇಲೆ ದೊಡ್ಡ ಸುತ್ತು. ಆನೆಗೊಂದಿ ಹತ್ತಿರ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಸಂಜೆ ಆದ ಮೇಲೆ ದೋಣಿ ಇಲ್ಲ. ಹಾಗಾಗಿ ಆಚೆ ಹೋದವರು ರಾತ್ರಿ ಅಲ್ಲೇ ಉಳೀತಿದ್ರು. ಉಳಿಯೋರು ಹೆಚ್ಚಾದಂತೆ ಗುಡಿಸಲು, ಜೋಲಿ, ಹೋಟೆಲು ಎಲ್ಲ ಬಂದವು.

3️⃣
ಈಗ ಜೇಬಿನಿಂದ 50 ರೂಪಾಯಿ ನೋಟು ತೆಗೀರಿ. 2017ರಲ್ಲಿ ಬಂದ ನೀಲಿ ನೋಟು. ಹಿಂದೆ ನಮ್ಮ ಕಲ್ಲಿನ ರಥ ಇದೆ, ಅಲ್ವಾ? ಮೇಲೆ ಶಿಖರ ಇಲ್ಲ, ಚಪ್ಪಟೆ.

ಆದರೆ 1856ರಲ್ಲಿ ಇತ್ತು! ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಆ ವರ್ಷ ಹಂಪಿಯ ಫೋಟೋ ತೆಗೆದ. ಅವನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಸ್ಪಷ್ಟವಾಗಿ ಕಾಣುತ್ತೆ. ಆಮೇಲೆ ಅದು ಹೋಯ್ತು. ಈ ಒಂದು ಫೋಟೋ ನೋಡದೇ ಇದ್ದಿದ್ರೆ ರಥ ಮೊದಲಿಂದ ಹೀಗೇ ಇತ್ತು ಅಂತ ನಾವೆಲ್ಲ ನಂಬಿಕೊಂಡಿರ್ತಿದ್ವಿ.

1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವಿನ 127 ವರ್ಷದಲ್ಲಿ ಏನು ಉಳೀತು, ಏನು ಹೋಯ್ತು ಅಂತ ಲೆಕ್ಕ ಸಿಗುತ್ತೆ.

4️⃣
ಗ್ರೀನ್‌ಲಾ ಬಳಿ ಇದ್ದದ್ದು ಪ್ಲಾಸ್ಟಿಕ್ ಫಿಲ್ಮ್ ಅಲ್ಲ. ಮೇಣ ಕುಡಿಸಿದ ಕಾಗದಕ್ಕೆ ಬೆಳ್ಳಿಯ ಲವಣ ಹಚ್ಚಿ ಮಾಡಿದ ನೆಗೆಟಿವ್. ಅದಕ್ಕೆ ಬೆಳಕು ಸಾಕಾಗೋಕೆ ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತು ಅಲ್ಲಾಡದೇ ಇರೋದು ಏನು? ಕಲ್ಲು. ನಡೆದು ಹೋಗೋ ಮನುಷ್ಯ, ಮೇಯೋ ಎಮ್ಮೆ, ಹರಿಗೋಲು ಹಾಕೋನು, ಇವರು ಆ ಕಾಗದದ ಮೇಲೆ ಮಾಯ.

ಹಂಪಿಯನ್ನ ನಿರ್ಜನ ಊರಿನ ಥರ ತೋರಿಸೋ ಅಭ್ಯಾಸ ಆಮೇಲೂ ಹೋಗಲಿಲ್ಲ. ಇವತ್ತೂ ನಾವು ಫ್ರೇಮಿನಲ್ಲಿ ಯಾರೂ ಬರಬಾರದು ಅಂತ ಕಾಯ್ತೀವಿ. ಹೌದೋ ಅಲ್ವೋ?

5️⃣
ಫಿಲ್ಮ್ ಅಂದ ಮೇಲೆ ಸಂಡೂರನ್ನ ಬಿಡೋ ಹಾಗಿಲ್ಲ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ಕರ್ನಾಟಕದ ಹಣಕಾಸು ಸಚಿವರಾಗಿದ್ದವರು ಅಂತ ಓದಿರ್ತೀರಿ. ಅವರು ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಹೌದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಕಾಡಿನ ಪ್ರಾಣಿಗಳನ್ನ ಹಿಡಿದವರು. 'ಸನ್‌ಲೈಟ್ ಅಂಡ್ ಶ್ಯಾಡೋಸ್' ಅನ್ನೋದು ಅವರ ಪುಸ್ತಕ.

ಅಂದ್ರೆ ಕಲ್ಲಿಗೊಬ್ಬ ಸೈನ್ಯಾಧಿಕಾರಿ, ಕಾಡಿಗೊಬ್ಬ ರಾಜವಂಶಸ್ಥ ಸಿಕ್ಕರು. ಹೊಳೆಯ ನಡುವಿನ ಗಡ್ಡೆಯಲ್ಲಿ ಚಹಾ ಕಾಸುತ್ತಿದ್ದವರಿಗೆ ಯಾರು ಸಿಕ್ಕರು? ರಜೆಗೆ ಬಂದವರ ಹೆಗಲಲ್ಲಿ ನೇತಾಡ್ತಿದ್ದ ಕ್ಯಾಮೆರಾಗಳು.

6️⃣
ನಮ್ಮ ಮನೆಗಳಲ್ಲಿ ಇದ್ದದ್ದು ಯಾಶಿಕಾ, ಕೊಡಕ್ ಕೆಬಿ-10 ಥರದವು. ನಮ್ಮ ದೇಶದ್ದೇ ಫಿಲ್ಮ್ ಕೂಡ ಇತ್ತು: 1960ರಲ್ಲಿ ಶುರುವಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯ 'ಇಂದು'.

ರಜೆಯ ಫೋಟೋದಲ್ಲಿ ಮಧ್ಯೆ ನಿಂತವರು ನಗ್ತಾ ಇರ್ತಾರೆ. ನೀವು ಅವರ ಹಿಂದೆ ನೋಡಿ. ಹೀಬ್ರೂ ಅಕ್ಷರದ ಬೋರ್ಡು, ಹುಲ್ಲಿನ ಸೂರು, ಬಾಡಿಗೆ ಮೊಪೆಡ್ಡು, ದೋಣಿಗೆ ಕಾಯ್ತಿರೋ ಸಾಲು, ತಟ್ಟೆ ಹಿಡಿದು ಬರ್ತಿರೋ ನಮ್ಮೂರ ಹುಡುಗ. ಫೋಟೋ ತೆಗೆದವರು ಅವನಿಗೋಸ್ಕರ ತೆಗೆದಿಲ್ಲ. ಆದರೂ ಅವನು ಉಳಿದಿದ್ದಾನೆ.

7️⃣
2019ರ ಆಗಸ್ಟ್: ಅಣೆಕಟ್ಟಿನಿಂದ ನೀರು ಬಿಟ್ಟರು, ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನ ದೋಣಿ, ಹೆಲಿಕಾಪ್ಟರ್ ತಂದು ಹೊರಗೆ ಕರ್ಕೊಂಡು ಬಂದರು.

2020ರ ಫೆಬ್ರವರಿ 11: ಸುಪ್ರೀಂ ಕೋರ್ಟ್ ತೀರ್ಪು. 1988ರ ಅಧಿಸೂಚನೆ ಪ್ರಕಾರ ಗಡ್ಡೆ ಸಂರಕ್ಷಿತ ಪ್ರದೇಶ, ಅಲ್ಲಿನ ಕಟ್ಟಡಗಳು ಅಕ್ರಮ ಅಂತ. ಹೈಕೋರ್ಟ್ 2015ರಲ್ಲೇ ಹೇಳಿದ್ದನ್ನ ಎತ್ತಿಹಿಡೀತು.

2020ರ ಮಾರ್ಚ್: ಜೆಸಿಬಿಗಳು ಬಂದವು. ಅದೇ ತಿಂಗಳು ಲಾಕ್‌ಡೌನ್.

ಸ್ಮಾರಕ ಉಳಿಸೋದು ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಹಾಗೇ ಅಲ್ಲಿ ದುಡಿದು ಮನೆ ನಡೆಸಿದವರೂ ಇದ್ದರು, ಅದೂ ನಿಜ. 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳನ್ನ ತೆರವು ಮಾಡಿದಾಗಲೂ ಇದೇ ಎರಡು ಸತ್ಯ ಎದುರುಬದುರು ನಿಂತಿದ್ದವು. ಕಟ್ಟಡ ಅಕ್ರಮ ಅಂತ ತೀರ್ಪು ಬರಬಹುದು. ಆದರೆ ಅಲ್ಲಿ ಜನ ಬದುಕಿದ್ದರು ಅನ್ನೋ ನೆನಪು ಅಕ್ರಮ ಅಲ್ವಲ್ಲ.

8️⃣
ಇಲ್ಲೇ ನೆಗೆಟಿವ್ ಕೆಲಸಕ್ಕೆ ಬರೋದು. ಪಟ್ಟಿಯ ಅಂಚಿನಲ್ಲಿ 1, 2, 3 ಅಂತ ನಂಬರ್ ಇರುತ್ತೆ. 11ರಲ್ಲಿ ದೋಣಿ, 12ರಲ್ಲಿ ಗುಡಿಸಲು ಇದ್ದರೆ ಮೊದಲು ಯಾವುದು, ಆಮೇಲೆ ಯಾವುದು ಅಂತ ಅನುಮಾನವೇ ಬೇಡ. ಚೆನ್ನಾಗಿ ಬರದ ಫೋಟೋನ ಡಿಲೀಟ್ ಮಾಡೋಕೂ ಆಗಲ್ಲ.

ಇನ್ನೊಂದು ವಿಷಯ. ಹಿಂದೆ ಹೊಳೆಯೋ ನೀರು, ಬಂಡೆ ಇದ್ದರೆ ಪ್ರಿಂಟಿನಲ್ಲಿ ಮುಖ ಕಪ್ಪು ಬೀಳುತ್ತೆ. ಹಂಪಿ ಫೋಟೋಗಳ ಹಳೇ ರೋಗ ಇದು. ಎಷ್ಟೋ ಸಲ ನೆಗೆಟಿವ್‌ನಲ್ಲಿ ಆ ಮುಖ ಇದ್ದೇ ಇರುತ್ತೆ, ಸರಿಯಾಗಿ ಸ್ಕ್ಯಾನ್ ಮಾಡಿದರೆ ಎದ್ದು ಬರುತ್ತೆ. ಅದಕ್ಕೇ ಪ್ರಿಂಟ್ ಇದೆ ಅಂತ ನೆಗೆಟಿವ್ ಎಸೀಬೇಡಿ.

ನಮ್ಮ ಫೋನ್ ಫೋಟೋ ಗಟ್ಟಿ ಅಂದ್ಕೊಂಡ್ರಾ? ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದ ಕೂಡಲೇ ತೆಗೆದ ದಿನ, ಜಾಗದ ವಿವರ ಅಳಿಸಿಹೋಗುತ್ತೆ.

9️⃣
ವಿದೇಶದವರು ತೆಗೆದ ರೀಲುಗಳು ಅವರ ಬ್ಯಾಗಿನಲ್ಲೇ ಅವರ ದೇಶಕ್ಕೆ ಹೋದವು. ನಮ್ಮ ಪಾಲಿಗೆ ಉಳಿದಿರೋದು ನಮ್ಮ ಮನೆಯ ಟ್ರಂಕು, ಬೀರು. ಹಾಗಾಗಿ ಈ ರಜೆಯಲ್ಲಿ ಮೂರು ಕೆಲಸ:

▪️ ಮನೆಯ ಆಲ್ಬಂ ತೆಗೀರಿ. ಗಡ್ಡೆ, ಹಂಪಿ ಬಜಾರ್, ಆನೆಗೊಂದಿ, ಹರಿಗೋಲಿನ ಫೋಟೋ ಇದೆಯಾ ನೋಡಿ. ಯಾವ ವರ್ಷ, ಹಿಂದೆ ನಿಂತವರು ಯಾರು ಅಂತ ಅಜ್ಜಿ, ಮಾಮ, ದೊಡ್ಡಪ್ಪ ಎಲ್ಲರನ್ನೂ ಕೇಳಿ. ಫೋಟೋ ಇಡೋ ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೀರಿ.

▪️ ಗೋಲಿಂಗ್ಸ್ ಮಾಡಿದ್ದನ್ನ ನೀವೂ ಮಾಡಿ. ಹಳೇ ಫೋಟೋದ ಹಿಂದಿನ ಬಂಡೆ, ಗುಡ್ಡದ ಸಾಲು ನೋಡಿ ಜಾಗ ಪತ್ತೆ ಹಚ್ಚಿ. ಗುಡಿಸಲು ಹೋಗಿರಬಹುದು, ಗುಡ್ಡ ಎಲ್ಲೂ ಹೋಗಿಲ್ಲ. ಅಲ್ಲೇ ನಿಂತು ಇವತ್ತಿನ ಫೋಟೋ ತೆಗೀರಿ.

▪️ ರೀಲ್ ಕ್ಯಾಮೆರಾ ಸಿಕ್ಕರೆ ಒಂದು ರೋಲ್ ಹಾಕಿ. ನಮ್ಮ ಬಿಸಿಲಿಗೆ ರೋಲನ್ನ ಗಾಡಿಯ ಡಿಕ್ಕಿಯಲ್ಲಿ ಬಿಡಬೇಡಿ, ಬಣ್ಣ ಕೆಡುತ್ತೆ. 36ರಲ್ಲಿ ಹತ್ತಾದರೂ ಜನರಿಗೆ ಕೊಡಿ: ದೋಣಿಯವರು, ಗದ್ದೆಯವರು, ಮಿರ್ಚಿ ಕರಿಯೋರು. ಕೇಳಿ ತೆಗೀರಿ, ಹೆಸರು ಬರ್ಕೊಳ್ಳಿ, ಒಂದು ಪ್ರಿಂಟ್ ಅವರಿಗೂ ಕೊಟ್ಟು ಬನ್ನಿ.

ಕಲ್ಲಿನ ರಥದ ಶಿಖರ ಒಂದು ಕಾಗದದ ಮೇಲೆ ಉಳೀತು. ಗಡ್ಡೆಯಲ್ಲಿ ತಟ್ಟೆ ಹಿಡಿದು ಬಂದ ಹುಡುಗ ನಿಮ್ಮ ಮನೆ ಬೀರುವಿನಲ್ಲಿ ಇರಬಹುದು. ಹುಡುಕಿ ನೋಡಿ, ಸಿಕ್ಕರೆ ವರ್ಷದ ಜೊತೆ ಕಾಮೆಂಟ್ ಹಾಕಿ 🎞️

#ವಿರುಪಾಪುರಗಡ್ಡೆ #ಹಂಪಿ #ಹೊಸಪೇಟೆ #ಕಂಪ್ಲಿ #ಸಂಡೂರು #ರೀಲ್‌ಕ್ಯಾಮೆರಾ #ನಮ್ಮೂರಚರಿತ್ರೆ