ಕಳೆದ ಅಕ್ಷರ, ಕಳೆದ ಪಾರ್ಟು: ಮಸ್ಕಿ ಬಂಡೆಯಿಂದ ಕಾರಿನ ಕೀವರೆಗೆ

ಕಾರಿನ ರಿಮೋಟ್ ಕೀ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಕವಚ ಬಿಚ್ಚಿಕೊಳ್ಳುತ್ತದೆ. ಒಳಗಿನ ಹಸಿರು ಬೋರ್ಡಿನಿಂದ ಸಾಸಿವೆ ಕಾಳಿನಷ್ಟು ಅಥವಾ ಅದಕ್ಕಿಂತ ಚಿಕ್ಕದಾದ ಒಂದೆರಡು ಪಾರ್ಟು ಉದುರುತ್ತವೆ. ಮಣ್ಣಿನಲ್ಲಿ ಬಿದ್ದವು ಮತ್ತೆ ಸಿಗುವುದಿಲ್ಲ. ರಿಪೇರಿಗೆ ಒಯ್ದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ: "ಇಲ್ಲಿ ಏನಿತ್ತು?"

ಸುಟ್ಟ ಪಾರ್ಟನ್ನು ನೋಡಿ ಗುರುತು ಹಿಡಿಯಬಹುದು. ಇಲ್ಲದೇ ಹೋದದ್ದನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ನೂರು ವರ್ಷಗಳ ಹಿಂದೆ ಮಸ್ಕಿಯ ಬಂಡೆಯ ಮುಂದೆಯೂ ಇದೇ ಪ್ರಶ್ನೆ ಎದ್ದಿತ್ತು.

ಬಂಡೆಯನ್ನು ಓದಿದ ರೀತಿ

1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯಲ್ಲಿ ಬ್ರಾಹ್ಮಿ ಲಿಪಿಯ ಶಾಸನವೊಂದನ್ನು ಕಂಡರು. ಲಿಂಗಸುಗೂರು ಸೀಮೆಯಲ್ಲಿ ಚಿನ್ನದ ಹುಡುಕಾಟ ಹಳೆಯದು, ಹಟ್ಟಿ ಗಣಿ ಇವತ್ತಿಗೂ ನಡೆದಿದೆ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ, ನಿಜಾಮ್ ಸರ್ಕಾರದ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು.

ಅದುವರೆಗೆ ಸಿಕ್ಕಿದ್ದ ಬೇರೆ ಕಡೆಯ ಶಾಸನಗಳಲ್ಲಿ 'ದೇವಾನಾಂಪಿಯ', 'ಪಿಯದಸಿ' ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಇಷ್ಟು ನಮ್ಮ ಶಾಲೆಯ ಪಾಠದಲ್ಲೇ ಬರುತ್ತದೆ. ಪಾಠದಲ್ಲಿ ಬಾರದ ಮಾತು ಇನ್ನೊಂದಿದೆ: ಮಸ್ಕಿಯ ಶಾಸನ ಪೂರ್ತಿಯಾಗಿ ಉಳಿದಿರಲಿಲ್ಲ. ಹಲವು ಕಡೆ ಕಲ್ಲು ಸವೆದು ಅಕ್ಷರಗಳು ಅಳಿಸಿದ್ದವು.

ಆ ಜಾಗಗಳನ್ನು ವಿದ್ವಾಂಸರು ಊಹೆಯಿಂದ ತುಂಬಲಿಲ್ಲ. ಅಶೋಕ ಇದೇ ಆದೇಶವನ್ನು ಮಧ್ಯಪ್ರದೇಶದ ರೂಪನಾಥ, ಬಿಹಾರದ ಸಹಸ್ರಾಮ್, ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಬರೆಸಿದ್ದ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆ ಉಳಿದಿತ್ತು. ಪಕ್ಕಪಕ್ಕ ಇಟ್ಟು ನೋಡಿ, ಖಾಲಿ ಜಾಗದಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆಂದು ಅಳೆದು ಓದಿದರು.

ಉದುರಿದ ಪಾರ್ಟನ್ನು ಪತ್ತೆ ಹಚ್ಚುವ ದಾರಿಯೂ ಇದೇ. ಆದರೆ ಅಲ್ಲಿಗೆ ಬರುವ ಮೊದಲು, ನಮ್ಮ ರಿಪೇರಿಯವರು ಹೀಗೆ ಹುಡುಕಾಡುವ ಸ್ಥಿತಿ ಹೇಗೆ ಬಂತು ಎಂಬುದನ್ನು ನೋಡಬೇಕು.

ನಕ್ಷೆ ಅಂಟಿಸಿ ಕೊಡುತ್ತಿದ್ದ ಕಾಲ

ಹಳೆಯ ವಾಲ್ವ್ ರೇಡಿಯೊ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಹಿಂದಿನ ಮುಚ್ಚಳ ತೆಗೆದು ನೋಡಿ. ಎಷ್ಟೋ ರೇಡಿಯೊಗಳ ಒಳಗೆ ಸರ್ಕೀಟಿನ ನಕ್ಷೆಯ ಕಾಗದ ಅಂಟಿಸಿರುತ್ತಿದ್ದರು. ಯಾವ ಜಾಗದಲ್ಲಿ ಯಾವ ಪಾರ್ಟು, ಅದರ ಅಳತೆ ಎಷ್ಟು ಎಂಬುದೆಲ್ಲ ಅದರಲ್ಲೇ ಇರುತ್ತಿತ್ತು. ರೇಡಿಯೊ ಕೆಡುತ್ತದೆ, ಯಾರೋ ಒಬ್ಬರು ಅದನ್ನು ಬಿಚ್ಚುತ್ತಾರೆ ಎಂಬುದನ್ನು ತಯಾರಕರೇ ಒಪ್ಪಿಕೊಂಡಿದ್ದರು.

ಟಿ.ವಿ. ನಮ್ಮ ಜಿಲ್ಲೆಗೆ ಎಷ್ಟೋ ಪಟ್ಟಣಗಳಿಗಿಂತ ಮೊದಲೇ ಬಂತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಿತ್ತರವಾಯಿತು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳನ್ನು. ಹೈದರಾಬಾದಿನ ಇಸಿಐಎಲ್ ಮಾಡಿದ ಸೆಟ್ಟುಗಳು, ತಂತಿಬಲೆಯ ದೊಡ್ಡ ಆಂಟೆನಾಗಳು ಊರ ನಡುವೆ ನಿಂತವು. ಧೂಳು, ಬಿಸಿಲು, ಕರೆಂಟಿನ ಏರಿಳಿತದಲ್ಲಿ ಅವು ಕೆಟ್ಟರೆ ಸರಿಪಡಿಸುವ ಏರ್ಪಾಡನ್ನೂ ಯೋಜನೆಯ ಜೊತೆಗೇ ಮಾಡಿದ್ದರು. ಹಳ್ಳಿಗೆ ಯಂತ್ರ ಕೊಟ್ಟರೆ ಸಾಲದು, ರಿಪೇರಿಯನ್ನೂ ಕೊಡಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು.

ಕೀ ಯಂತ್ರವಾಯಿತು

ಕಾರಿನ ಕೀ ಬಹುಕಾಲ ಬರೀ ಕಬ್ಬಿಣದ ತುಂಡಾಗಿತ್ತು. ಹಲ್ಲು ಕೊರೆಯಲು ಬರುವ ಯಾರಾದರೂ ಇನ್ನೊಂದು ಮಾಡಿಕೊಡುತ್ತಿದ್ದರು. 1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೊ ಕಾರು ರಿಮೋಟ್ ಕೀಯೊಂದಿಗೆ ಬಂತು. ಅದನ್ನು ರೂಪಿಸಿದವರು ಪಾಲ್ ಲಿಪ್ಶುಟ್ಜ್. ಅವರ ಹೆಸರಿನಿಂದಲೇ ಫ್ರಾನ್ಸಿನಲ್ಲಿ ಇಂಥ ಕೀಗೆ 'ಪ್ಲಿಪ್' ಎಂಬ ಹೆಸರು ಬಿತ್ತು.

ಮೊದಮೊದಲ ರಿಮೋಟ್‌ಗಳು ಪ್ರತಿ ಸಲ ಒಂದೇ ಸಂಕೇತ ಕಳಿಸುತ್ತಿದ್ದವು. ಕಳ್ಳರು ಅದನ್ನು ಹಿಡಿದಿಟ್ಟುಕೊಂಡು ಮತ್ತೆ ಬಿಡಬಹುದಿತ್ತು. ಒತ್ತಿದಾಗಲೆಲ್ಲ ಬದಲಾಗುವ ಸಂಕೇತ ಅದಕ್ಕೆ ಉತ್ತರವಾಗಿ ಬಂತು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ 'ಕೀಲಾಕ್' ಎಂಬ ಇಂಥ ಪದ್ಧತಿಯನ್ನು 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಕೊಂಡಿತು. 1998ರ ಹೊತ್ತಿಗೆ ಯುರೋಪಿನಲ್ಲಿ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾಯಿತು. ಕೀಯೊಳಗಿನ ಚಿಪ್ಪನ್ನು ಗುರುತಿಸದಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ ಇದು.

ಕಳ್ಳತನ ತಡೆಯಲು ಇದು ಒಳ್ಳೆಯದೇ. ಆದರೆ ಕೀಯ ಒಳಗನ್ನು ಮುಚ್ಚಿಡುವುದಕ್ಕೂ ಇದೇ ನೆಪವಾಯಿತು. ನಕ್ಷೆ ಅಂಟಿಸುವ ಪದ್ಧತಿ ಹೋಯಿತು.

ಖಾಲಿ ಜಾಗ ತುಂಬುವ ಕೆಲಸ

ಕೀಯ ಬೋರ್ಡಿನಲ್ಲಿ ಮುಖ್ಯವಾಗಿ ಇರುವುದು ಇಷ್ಟು: 3 ವೋಲ್ಟಿನ ಬಟನ್ ಸೆಲ್ ಕೂರುವ ಕ್ಲಿಪ್ಪು, ಒತ್ತುವ ಸ್ವಿಚ್ಚುಗಳು, ಒಂದು ಐಸಿ, ಒಂದು ಕ್ರಿಸ್ಟಲ್, ಸುತ್ತ ಹತ್ತಾರು ರೆಸಿಸ್ಟರ್ ಮತ್ತು ಕೆಪ್ಯಾಸಿಟರ್. ನಮ್ಮ ಕಡೆಯ ಬಹುಪಾಲು ಕೀಗಳು 433.92 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತವೆ. ಎಷ್ಟೋ ಬೋರ್ಡುಗಳಲ್ಲಿ 13.56 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುತ್ತದೆ. ಅದರ 32 ಪಟ್ಟು 433.92.

ತೊಂದರೆ ಇರುವುದು ಕೆಪ್ಯಾಸಿಟರಿನಲ್ಲಿ. ರೆಸಿಸ್ಟರ್ ಮೇಲೆ ಅಂಕಿ ಇರಬಹುದು, ಕಂದುಬಣ್ಣದ ಸೆರಾಮಿಕ್ ಕೆಪ್ಯಾಸಿಟರ್ ಮೇಲೆ ಏನೂ ಬರೆದಿರುವುದಿಲ್ಲ. ಕೆಲವು ಬರೀ 1 ಮಿ.ಮೀ. ಉದ್ದ, ಅರ್ಧ ಮಿ.ಮೀ. ಅಗಲ. ಉದುರಿದ ಮೇಲೆ ಉಳಿಯುವುದು ಎರಡು ಬೆಸುಗೆಯ ಚುಕ್ಕಿ ಮಾತ್ರ.

ಬಲ್ಲವರು ಮೊದಲು ಆ ಚುಕ್ಕಿಯಿಂದ ಹೊರಡುವ ತಾಮ್ರದ ಗೆರೆ ಎಲ್ಲಿಗೆ ಹೋಗುತ್ತದೆಂದು ನೋಡುತ್ತಾರೆ. ಸೆಲ್ಲಿನ ಪಕ್ಕದ ಕೆಪ್ಯಾಸಿಟರ್ ಆದರೆ ಅದರ ಕೆಲಸ ಸಾಮಾನ್ಯವಾಗಿ ಕರೆಂಟನ್ನು ಹದಗೊಳಿಸುವುದು, ಅಳತೆ ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಆಂಟೆನಾ ಪಕ್ಕದ್ದಾದರೆ ಅಳತೆ ತಪ್ಪುವಂತಿಲ್ಲ. ತಪ್ಪಿದರೆ ಕೀ ಸತ್ತಂತೆ ಕಾಣುವುದಿಲ್ಲ, ಆದರೆ ಕಾರಿನ ಬಾಗಿಲಿಗೇ ಹಿಡಿದು ಒತ್ತಬೇಕಾಗುತ್ತದೆ.

ಎರಡನೆಯ ಹೆಜ್ಜೆ ಮಸ್ಕಿಯದ್ದೇ: ಇನ್ನೊಂದು ಪ್ರತಿ ಹುಡುಕುವುದು. ಅದೇ ಕಾರಿನ ಎರಡನೇ ಕೀ ಅಥವಾ ಅದೇ ನಂಬರಿನ ಹಳೆಯ ಸ್ಕ್ರಾಪ್ ಬೋರ್ಡು ಬೇಕು. ಅದರ ಪಾರ್ಟನ್ನು ಬೋರ್ಡಿನ ಮೇಲೆ ಇದ್ದಂತೆಯೇ ಅಳೆದರೆ ಅಕ್ಕಪಕ್ಕದ ಪಾರ್ಟುಗಳ ಲೆಕ್ಕವೂ ಸೇರಿಬಿಡುತ್ತದೆ. ಬಿಚ್ಚಿ ಹೊರಗೆ ತೆಗೆದೇ ಅಳೆಯಬೇಕು. ಹಾಗಾಗಿ ನಿಮ್ಮ ಚಾಲೂ ಇರುವ ಎರಡನೇ ಕೀಯನ್ನು ಇದಕ್ಕೆ ಕೊಡಬೇಡಿ. ಬಿಚ್ಚಲು ಸ್ಕ್ರಾಪ್ ಬೋರ್ಡೇ ಸರಿ.

ಇಡೀ ಸ್ಕ್ರಾಪ್ ಬೋರ್ಡನ್ನೇ ನಿಮ್ಮ ಕವಚದೊಳಗೆ ಕೂರಿಸಿದರೆ ಆಗದು. ಕಾರಿಗೆ ಪರಿಚಯ ಇರುವುದು ನಿಮ್ಮ ಬೋರ್ಡಿನ ಐಸಿಯೊಳಗಿನ ಗುರುತು. ಆದ್ದರಿಂದ ಸ್ಕ್ರಾಪಿನ ಪಾರ್ಟು ನಿಮ್ಮ ಬೋರ್ಡಿಗೆ ಬರಬೇಕು. ಇಮೊಬಿಲೈಸರ್ ಚಿಪ್ಪು ಕೆಲವು ಕೀಗಳಲ್ಲಿ ಕವಚದ ಮೂಲೆಯಲ್ಲಿ ಬೇರೆಯಾಗಿ ಕೂತಿರುತ್ತದೆ. ಅದಕ್ಕೆ ಸೆಲ್ ಬೇಡ. ಹೊಸ ಕವಚ ಹಾಕಿಸುವಾಗ ಅದು ಹಳೆಯ ಕವಚದ ಜೊತೆ ಕಸಕ್ಕೆ ಹೋದರೆ ಬಾಗಿಲು ತೆರೆಯುತ್ತದೆ, ಎಂಜಿನ್ ಏಳುವುದಿಲ್ಲ.

ನಕ್ಷೆ ಯಾರದು?

ಸಿಂಧನೂರಿನ ಭತ್ತದ ವ್ಯಾಪಾರಿಗಾಗಲಿ, ಮಸ್ಕಿಯ ಬಾಡಿಗೆ ಕಾರಿನವರಿಗಾಗಲಿ ಕೀ ಕೆಟ್ಟ ದಿನ ಎಂದರೆ ದುಡಿಮೆ ನಿಂತ ದಿನ. ಕೆಲವು ರೂಪಾಯಿಯ ಪಾರ್ಟಿಗಾಗಿ ಸಾವಿರಗಟ್ಟಲೆ ಕೊಟ್ಟು ಹೊಸ ಕೀ ತರಿಸಬೇಕಾಗುತ್ತದೆ. ಊರಿನ ಮೊಬೈಲ್ ರಿಪೇರಿ ಹುಡುಗರ ಕೈಯಲ್ಲಿ ಕೆಲಸವಿದೆ, ಬ್ಲೋವರ್ ಇದೆ. ಇಲ್ಲದ್ದು ನಕ್ಷೆ.

ಈ ಜಗಳ ದೆಹಲಿಯವರೆಗೂ ಹೋಗಿದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.64 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದೋಷ ಪತ್ತೆ ಮಾಡುವ ಉಪಕರಣ, ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದೇ ತಪ್ಪು ಎಂದಿತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಕುರಿತು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಮನೆಬಳಕೆಯ ವಸ್ತು, ವಾಹನ ಈ ನಾಲ್ಕನ್ನೂ ಅದರಡಿ ಸೇರಿಸಿ, ಡಿಸೆಂಬರ್ 24ರಂದು ಒಂದು ಪೋರ್ಟಲ್ ತೆರೆಯಿತು.

ಕೀಯ ಗುಟ್ಟಿನ ಸಂಕೇತವನ್ನು ಬಯಲು ಮಾಡಿ ಎಂದು ಯಾರೂ ಕೇಳುತ್ತಿಲ್ಲ, ಅದು ಗುಟ್ಟಾಗಿಯೇ ಇರಬೇಕು. ಒಂದು ಕೆಪ್ಯಾಸಿಟರ್ ಎಷ್ಟು ಪಿಕೋಫ್ಯಾರಡ್ ಎಂಬುದು ಗುಟ್ಟಲ್ಲ. ಅದು ಗೊತ್ತಾದರೆ ಕಳ್ಳನಿಗೆ ಲಾಭವಿಲ್ಲ, ರಿಪೇರಿಯವನಿಗೆ ಅನ್ನವಿದೆ.

ನಿಮ್ಮ ಕೀ ಬಿದ್ದು ಒಡೆದರೆ ಚೂರುಗಳನ್ನೆಲ್ಲ ಒಂದು ಪೊಟ್ಟಣದಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋಗಿ. ನೀರಿಗೆ ಬಿದ್ದಿದ್ದರೆ ಮೊದಲು ಸೆಲ್ ತೆಗೆಯಿರಿ, ಬಿಸಿಲಿಗಿಟ್ಟು ಒಣಗಿತೆಂದು ಒತ್ತಿ ನೋಡಬೇಡಿ. ಚಾಲೂ ಇರುವಾಗಲೇ ಕೀ ಬಿಚ್ಚಿ, ಬೋರ್ಡಿನ ಎರಡೂ ಬದಿಯ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಅಳತೆ ಅದರಲ್ಲಿ ಕಾಣದು, ಆದರೆ ಯಾವ ಜಾಗದಲ್ಲಿ ಏನಿತ್ತು ಎಂಬುದು ಕಾಣುತ್ತದೆ. ಕಂಪನಿ ನಕ್ಷೆ ಕೊಡುವವರೆಗೆ ಅದೇ ನಿಮ್ಮ ನಕ್ಷೆ.