ಕೊಡಗಿನ ರಾಜಕುಮಾರಿಯ ಒಡವೆಗಳು

ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ರುಚಿ ಕಂಡವರಿಗೆ ಅವುಗಳ ಜಾಡು ಚೆನ್ನಾಗಿ ಗೊತ್ತು. ಹಳ್ಳಿಗಾಡಿನ ನಡುವೆ ಒಂದು ದೊಡ್ಡ ಬಂಗಲೆ. ಅದರಲ್ಲಿ ತಲೆತಲಾಂತರದ ಸಿರಿವಂತ ಮನೆತನ. ಸತ್ತ ಹಿರಿಯನೊಬ್ಬನ ಉಯಿಲು. ಬೆಲೆ ಕಟ್ಟಲಾಗದ ಒಂದು ಒಡವೆ. ಹೊರಗೆ ನಗುತ್ತ ಒಳಗೆ ಗುಟ್ಟು ಬಚ್ಚಿಟ್ಟುಕೊಂಡ ನೆಂಟರಿಷ್ಟರು. ಒಂದು ರಾತ್ರಿ ಒಡವೆ ಮಾಯವಾಗುತ್ತದೆ. ಪತ್ತೇದಾರನು ಬರುತ್ತಾನೆ. ಮುನ್ನೂರು ಪುಟಗಳು ಕಳೆಯುವ ಹೊತ್ತಿಗೆ ಕಳ್ಳನು ಸಿಕ್ಕಿಬೀಳುತ್ತಾನೆ. ಓದುಗನು ನೆಮ್ಮದಿಯಿಂದ ದೀಪ ಆರಿಸಿ ಮಲಗುತ್ತಾನೆ.

ಈ ಜಾತಿಯ ಕೃತಿಗಳಿಗೆಲ್ಲ ಹಿರಿಯಕ್ಕನಂತಿರುವುದು ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 1868ರಲ್ಲಿ ಅದು ಧಾರಾವಾಹಿಯಾಗಿ ಬೆಳಕು ಕಂಡಿತು. ಕನ್ನಡಿಗರಿಗೆ ಈ ಕಾದಂಬರಿಯ ಬಗ್ಗೆ ಒಂದು ವಿಶೇಷ ಕುತೂಹಲ ಸಹಜ. ಏಕೆಂದರೆ ಕಥೆ ತೊಡಗುವುದು ಇಂಗ್ಲೆಂಡಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಕೋಟೆ ಬಿದ್ದ ದಿನ ಜಾನ್ ಹರ್ನ್‌ಕ್ಯಾಸಲ್ ಎಂಬ ಸೇನಾಧಿಕಾರಿ ಟಿಪ್ಪುವಿನ ಶಸ್ತ್ರಾಗಾರಕ್ಕೆ ನುಗ್ಗಿ, ಕಾವಲಿದ್ದವರನ್ನು ಕೊಂದು, ದೇವರ ಹಣೆಯಲ್ಲಿದ್ದ ವಜ್ರವನ್ನು ಅಪಹರಿಸುತ್ತಾನೆ. ಮುಂದೆ ಆ ಕರ್ನಲ್ ಜಾನ್ ತನ್ನ ಸೋದರ ಸೊಸೆಗೆ ಅದನ್ನು ಉಯಿಲಿನಲ್ಲಿ ಬಿಟ್ಟುಹೋಗುತ್ತಾನೆ. ಅವಳ ಹದಿನೆಂಟನೆಯ ಹುಟ್ಟುಹಬ್ಬದ ರಾತ್ರಿ ವಜ್ರ ಕಳವಾಗುತ್ತದೆ.

ಇದು ಕಲ್ಪನೆ. ಆದರೆ ಈ ಕಾದಂಬರಿ ಪ್ರಕಟವಾಗುವುದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 1867ರಲ್ಲಿ, ಲಂಡನ್ ನಗರದಲ್ಲಿ ನಿಜವಾದ ಒಬ್ಬ ಕರ್ನಲ್ ಜಾನ್ ಮಾಯವಾದನು. ಅವನೊಂದಿಗೆ ಕನ್ನಡ ನಾಡಿನ ಒಡವೆಗಳೂ ಮಾಯವಾದುವೆಂದು ಹೇಳುತ್ತಾರೆ. ಅವನ ಹೆಸರು ಜಾನ್ ಕ್ಯಾಂಪ್‌ಬೆಲ್. ಒಡವೆಗಳು ಅವನ ಹೆಂಡತಿಯವು. ಆಕೆ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. ಇಬ್ಬರು ಜಾನ್‌ಗಳ ಹೆಸರು, ಪದವಿ ಕೂಡಿಬಂದದ್ದು ಕೇವಲ ಕಾಕತಾಳೀಯ. ಆದರೆ ಇಬ್ಬರ ಕಥೆಯೂ ಹುಟ್ಟಿದ ನೆಲ ಒಂದೇ.

ಪತ್ತೇದಾರನು ಮೊದಲು ಮನೆಯನ್ನು ನೋಡುತ್ತಾನೆ. ನಾವೂ ಹಾಲೇರಿಯ ಮನೆಯನ್ನು ನೋಡೋಣ.

ಹಾಲೇರಿ ವಂಶದ ಹೆಸರಾಂತ ಅರಸ ದೊಡ್ಡವೀರರಾಜೇಂದ್ರ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಗೆದ್ದವನು. ಕಂಪನಿಯ ನೆಚ್ಚಿನ ಮಿತ್ರ. 1799ರ ಮಾರ್ಚಿಯಲ್ಲಿ ಮುಂಬಯಿ ಸೈನ್ಯ ಕೊಡಗಿನ ಮೂಲಕವೇ ಶ್ರೀರಂಗಪಟ್ಟಣಕ್ಕೆ ನಡೆಯಿತು. ಕಾಲಿನ್ಸನ ವಜ್ರದ ಕಥೆಗೂ ಕೊಡಗಿನ ಅರಸರ ಕಥೆಗೂ ಹೀಗೆ ಒಂದೇ ಯುದ್ಧದ ಹಿನ್ನೆಲೆಯಿದೆ. ಈ ಅರಸನಿಗೆ ಗಂಡುಮಕ್ಕಳಿರಲಿಲ್ಲ. ಮಗಳು ದೇವಮ್ಮಾಜಿಯೇ ಪಟ್ಟಕ್ಕೆ ಬರಬೇಕೆಂಬುದು ಅವನ ಹಂಬಲ. ಅದಕ್ಕಾಗಿ ಕಂಪನಿಯ ಒಪ್ಪಿಗೆಯನ್ನು ಬೇಡಿದನು. ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆಸಿದನು. ಲಕ್ಷಗಟ್ಟಲೆ ಹಣವನ್ನು ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದನು. 1809ರಲ್ಲಿ ಅವನು ತೀರಿಕೊಂಡಾಗ ಎಳೆಯ ದೇವಮ್ಮಾಜಿಗೆ ಪಟ್ಟವೇನೋ ಆಯಿತು. ಎರಡೇ ವರ್ಷಗಳಲ್ಲಿ, 1811ರಲ್ಲಿ, ಅವಳ ಚಿಕ್ಕಪ್ಪ ಲಿಂಗರಾಜೇಂದ್ರ ತಾನೇ ಅರಸನೆಂದು ಸಾರಿಕೊಂಡನು. ಮೊದಲ ಕಳವು ಇದು. ಕದ್ದವನು ಮನೆಯವನೇ, ಕಳವಾದದ್ದು ಸಿಂಹಾಸನ, ನೋಡಿಯೂ ನೋಡದಂತಿದ್ದವರು ಕಂಪನಿಯ ಅಧಿಕಾರಿಗಳು.

ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಪಟ್ಟಕ್ಕೆ ಬಂದನು. ಅವನನ್ನು ನಿರಪರಾಧಿಯೆಂದು ಬಣ್ಣಿಸುವುದು ಚರಿತ್ರೆಗೆ ಬಗೆಯುವ ದ್ರೋಹ. ರಕ್ತಸಂಬಂಧಿಗಳಲ್ಲಿ ಹಲವರನ್ನು ಅವನು ಕೊಲ್ಲಿಸಿದನೆಂಬುದನ್ನು ಹರ್ಮನ್ ಮೋಗ್ಲಿಂಗ್ 1855ರ ತನ್ನ ಕೊಡಗಿನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಅರಸನ ಒಡಹುಟ್ಟಿದ ತಂಗಿ, ಅವಳ ಹೆಸರೂ ದೇವಮ್ಮಾಜಿಯೇ, ಗಂಡ ಚೆನ್ನಬಸವನೊಡನೆ 1832ರಲ್ಲಿ ಜೀವಭಯದಿಂದ ಮೈಸೂರು ಸೀಮೆಗೆ ಓಡಿಬಂದು ಕಂಪನಿಯ ಮೊರೆಹೊಕ್ಕಳು. ಆ ಜಗಳವೇ ಕಂಪನಿಗೆ ನೆಪವಾಯಿತು. 1834ರ ಏಪ್ರಿಲ್‌ನಲ್ಲಿ ಸೈನ್ಯ ಮಡಿಕೇರಿಗೆ ಬಂದಿತು. ಮೇ 7ರ ಘೋಷಣೆಯೊಂದಿಗೆ, ಪ್ರಜೆಗಳೆಲ್ಲರ ಇಚ್ಛೆಯ ಮೇರೆಗೆ ಎಂಬ ಪೀಠಿಕೆ ಹಚ್ಚಿ, ಕೊಡಗನ್ನು ಕಂಪನಿಯ ರಾಜ್ಯಕ್ಕೆ ಸೇರಿಸಲಾಯಿತು. ಅರಮನೆಯ ಗುಟ್ಟುಗಳನ್ನೆಲ್ಲ ಬಲ್ಲವನೆನಿಸಿದ್ದ ಕುಂಟ ಬಸವ ಆ ದಿನಗಳಲ್ಲೇ ಕಾಡಿನಲ್ಲಿ ಹೆಣವಾಗಿ ಸಿಕ್ಕಿದನು. ಬಾಯಿಬಿಡದಿರಲೆಂದು ಅವನನ್ನು ಮುಗಿಸಿದರೆಂದು ಜನ ಆಡಿಕೊಂಡರು. ಮುಖ್ಯ ಸಾಕ್ಷಿ ವಿಚಾರಣೆಗೆ ಮೊದಲೇ ಸಾಯುವುದು ಪತ್ತೇದಾರಿ ಕಾದಂಬರಿಗಳಲ್ಲಿ ಮಾತ್ರವಲ್ಲ.

ಪದಚ್ಯುತನಾದ ಅರಸನನ್ನು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಿದರು. ಕಾಶಿಯಲ್ಲಿ 1841ರಲ್ಲಿ ಗೌರಮ್ಮ ಹುಟ್ಟಿದಳು. ಅವಳ ಅಕ್ಕನೊಬ್ಬಳನ್ನು ನೇಪಾಳದ ಪ್ರಬಲ ಮಂತ್ರಿ ಜಂಗ್ ಬಹದ್ದೂರ್ 1850ರಲ್ಲಿ ಮದುವೆಯಾದನು. ಅರಸನ ಮನಸ್ಸೆಲ್ಲ ದೊಡ್ಡಪ್ಪ ಕಂಪನಿಯಲ್ಲಿ ತೊಡಗಿಸಿದ್ದ ಹಣದ ಮೇಲಿತ್ತು; ಆ ಸಾಲಪತ್ರಗಳನ್ನು ಕಂಪನಿ 1834ರಲ್ಲಿ ವಶಪಡಿಸಿಕೊಂಡಿತ್ತು. ಮಗಳ ವಿದ್ಯಾಭ್ಯಾಸವನ್ನು ಕಾರಣವಾಗಿ ತೋರಿಸಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆ ಪಡೆದು, 1852ರಲ್ಲಿ ಅವನು ಹನ್ನೊಂದರ ಹರೆಯದ ಹುಡುಗಿಯೊಡನೆ ಇಂಗ್ಲೆಂಡಿಗೆ ಹೊರಟನು.

ಅದೇ ವರ್ಷ ಬಕಿಂಗ್‌ಹ್ಯಾಂ ಅರಮನೆಯಲ್ಲಿ ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾಯಿತು. ದೀಕ್ಷೆ ಕೊಟ್ಟವನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್. ದೇವಮಾತೆಯಾಗಿ ನಿಂತವಳು ವಿಕ್ಟೋರಿಯ ರಾಣಿಯೇ. ತನ್ನ ಹೆಸರನ್ನೂ ರಾಣಿ ಹುಡುಗಿಗೆ ಕೊಟ್ಟಳು. ಅದೇ ಬೇಸಗೆಯಲ್ಲಿ ಲಂಡನ್ನಿನಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು: ಪಂಜಾಬಿನಿಂದ ತಂದ ಕೊಹಿನೂರ್ ವಜ್ರವನ್ನು ಇಂಗ್ಲಿಷರ ಅಭಿರುಚಿಗೆ ತಕ್ಕಂತೆ ಹೊಸದಾಗಿ ಕೊರೆಯುತ್ತಿದ್ದರು. ಕಲ್ಲಿಗೆ ಹೊಸ ಮುಖ ಬಂತು. ಹುಡುಗಿಗೆ ಹೊಸ ಹೆಸರು ಬಂತು. ಎರಡೂ ಹಿಂದೂಸ್ಥಾನದ ರಾಜಮನೆತನಗಳಿಂದ ಬಂದವು; ಎರಡನ್ನೂ ಕೇಳಿ ಮಾಡಿದ್ದಲ್ಲ.

ಮುಂದೆ ಹುಡುಗಿಯನ್ನು ತಂದೆಯಿಂದ ದೂರವಿಟ್ಟು ಇಂಗ್ಲಿಷ್ ಪಾಲಕರ ಕೈಗೊಪ್ಪಿಸಿದರು. ಕೊಹಿನೂರಿನ ಹಿಂದಿನ ಒಡೆಯ ದುಲೀಪ್ ಸಿಂಗನಿಗೆ ಅವಳನ್ನು ಕೊಟ್ಟು ಮದುವೆ ಮಾಡಬೇಕೆಂದು ರಾಣಿ ಬಯಸಿದಳು, ದುಲೀಪ ಒಪ್ಪಲಿಲ್ಲ. ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದನು; ಮಾರೊಚೆಟ್ಟಿ ಪ್ರತಿಮೆ ಕಡೆದನು. ಅವಳ ರೂಪವನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಪ್ರಯತ್ನ ನಡೆಯಿತು. ಅವಳ ಮಾತನ್ನು ಉಳಿಸಲು ನಡೆಯಲಿಲ್ಲ. ಅವಳ ಬಗ್ಗೆ ನಾವು ತಿಳಿದಿರುವುದರಲ್ಲಿ ಬಹುಪಾಲು ರಾಣಿಯ ಕಡೆಯವರೂ ಪಾಲಕಿ ಲೇಡಿ ಲಾಗಿನ್ನಳೂ ಹೇಳಿದ್ದು. ಲಾಗಿನ್ನಳ ನೆನಪುಗಳು ಅಚ್ಚಾದದ್ದೇ 1916ರಲ್ಲಿ, ಗೌರಮ್ಮ ಸತ್ತು ಅರ್ಧ ಶತಮಾನ ಕಳೆದ ಮೇಲೆ.

1859ರಲ್ಲಿ ಚಿಕ್ಕವೀರರಾಜ ಲಂಡನ್ನಿನಲ್ಲೇ ತೀರಿಕೊಂಡನು. ಮರುವರ್ಷ ಗೌರಮ್ಮ ಕರ್ನಲ್ ಕ್ಯಾಂಪ್‌ಬೆಲ್ಲನನ್ನು ಮದುವೆಯಾದಳು. ಆತ ಅವಳಿಗಿಂತ ಸುಮಾರು ಮೂವತ್ತು ವರ್ಷ ಹಿರಿಯ. 1861ರಲ್ಲಿ ಈಡಿತ್ ಎಂಬ ಮಗಳು ಹುಟ್ಟಿದಳು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಕ್ಷಯದಿಂದ ಗೌರಮ್ಮ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ. ಮೂರು ವರ್ಷಗಳ ಬಳಿಕ ಕ್ಯಾಂಪ್‌ಬೆಲ್ ತನ್ನ ಬಿಡಾರದಿಂದ ಹೊರಬಿದ್ದವನು ಹಿಂತಿರುಗಲಿಲ್ಲ. ಅವನ ಕೈಯಲ್ಲಿ ಒಂದು ಸಣ್ಣ ಚೀಲವಿತ್ತೆಂದೂ ಅದರಲ್ಲಿ ಗೌರಮ್ಮನ ಒಡವೆಗಳಿದ್ದುವೆಂದೂ ಹೇಳಿಕೆ.

ಕಾಲಿನ್ಸನ ಸಾರ್ಜೆಂಟ್ ಕಫ್ ಇಲ್ಲಿದ್ದರೆ ಏನು ಮಾಡುತ್ತಿದ್ದನು? ಗುಲಾಬಿ ಗಿಡಗಳ ಮಾತಾಡುತ್ತ ಮೂರು ಊಹೆಗಳನ್ನು ಮುಂದಿಡುತ್ತಿದ್ದನು. ಒಡವೆಯ ಆಸೆಗೆ ಯಾರೋ ಕರ್ನಲನನ್ನು ಕೊಂದರು ಎಂಬುದು ಮೊದಲನೆಯದು, ಆದರೆ ಹೆಣವಿಲ್ಲ. ಒಡವೆ ಮಾರಿ ಪರದೇಶಕ್ಕೆ ಓಡಿದ ಎಂಬುದು ಎರಡನೆಯದು. ಆದರೆ ಹೆಂಡತಿಯ ಸ್ವತ್ತು ಕೈಯಲ್ಲಿದ್ದವನು ಲಂಡನ್ನಿನಲ್ಲೇ ಸದ್ದಿಲ್ಲದೆ ಮಾರಬಹುದಿತ್ತು, ಮನೆ ಬಿಡಬೇಕಾಗಿರಲಿಲ್ಲ. ಅಪಘಾತವೋ ಆತ್ಮಹತ್ಯೆಯೋ ಆಗಿರಬಹುದು ಎಂಬುದು ಮೂರನೆಯದು; ಹಾಗಾದರೆ ಚೀಲವೇಕೆ? ಪ್ರತಿಯೊಂದು ಊಹೆಯೂ ಕಾಲು ದಾರಿ ನಡೆದು ನಿಲ್ಲುತ್ತದೆ. ಕರ್ನಲನ ಸುಳಿವು ಮತ್ತೆ ಸಿಗಲಿಲ್ಲ.

ಈ ಬೀಗಕ್ಕೆ ಕೀಲಿ ಹುಡುಕುವುದರಲ್ಲಿ ಮೈಮರೆತರೆ ದೊಡ್ಡ ಬಾಗಿಲೊಂದು ತೆರೆದೇ ಇರುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅರಸನು ಸಾಲಪತ್ರಗಳಿಗಾಗಿ ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ್ದನು. ತೀರ್ಪು 1860ರಲ್ಲಿ ಹೊರಬಿದ್ದಾಗ ಅವನು ಬದುಕಿರಲಿಲ್ಲ. ನ್ಯಾಯಾಧೀಶ ರೋಮಿಲಿಯ ನಿರ್ಣಯದ ತಾತ್ಪರ್ಯವಿಷ್ಟು: ಕಂಪನಿ ಇದನ್ನು ವಶಪಡಿಸಿಕೊಂಡದ್ದು ಯುದ್ಧದಲ್ಲಿ, ರಾಜ್ಯಾಧಿಕಾರದ ಬಲದಿಂದ, ಅಂಥ ಕೃತ್ಯ ಸರಿಯೋ ತಪ್ಪೋ ಎಂದು ಕೇಳುವ ಅಧಿಕಾರ ನ್ಯಾಯಾಲಯಕ್ಕಿಲ್ಲ. ಕಾನೂನು ಪುಸ್ತಕಗಳಲ್ಲಿ ಈ ಮೊಕದ್ದಮೆ ಕೊಡಗಿನ ಮಾಜಿ ರಾಜನ ಹೆಸರಿನಲ್ಲೇ ಉಳಿದುಕೊಂಡಿದೆ.

ವಾಚಕರು ಇದನ್ನು ತುಸು ಆಲೋಚಿಸಬೇಕು. ಪತ್ತೇದಾರಿ ಕಾದಂಬರಿ ನಿಂತಿರುವುದೇ ಒಂದು ನಂಬಿಕೆಯ ಮೇಲೆ: ಕಳವಾದರೆ ಕಳ್ಳನಿರಬೇಕು, ಕಳ್ಳನಿದ್ದರೆ ಅವನನ್ನು ಕೇಳುವ ಕಟ್ಟೆಯೂ ಇರಬೇಕು. ಇಲ್ಲಿಯಾದರೋ ತೆಗೆದುಕೊಂಡವರು ಯಾರೆಂಬುದು ಮೊದಲ ಪುಟದಿಂದಲೇ ಗೊತ್ತು; ಮುಚ್ಚುಮರೆಯೇ ಇಲ್ಲ. ಕೇಳುವ ಕಟ್ಟೆ ಮಾತ್ರ, ಇದು ನನ್ನ ಮಾತಲ್ಲ ಎಂದು ಎದ್ದುಹೋಯಿತು. ಕ್ಯಾಂಪ್‌ಬೆಲ್ಲನ ಚೀಲ ಹಿಡಿಸುವಷ್ಟು ಒಡವೆಗೆ ನಾವು ಇಷ್ಟು ಕಾತರಪಡುತ್ತೇವೆ. ಲಕ್ಷಗಟ್ಟಲೆ ಹಣ, ಒಂದು ನಾಡು, ಒಂದು ಮಗುವಿನ ಭಾಷೆ, ಮತ, ತಂದೆಯ ಸಹವಾಸ, ಇವು ಹೋದದ್ದರಲ್ಲಿ ನಿಗೂಢವೇನೂ ಕಾಣುವುದಿಲ್ಲ. ಏಕೆಂದರೆ ಹಾಡುಹಗಲೇ, ಮೊಹರು ಒತ್ತಿ, ಹೋದವು.

ಹಾಗೆಂದು ಹಾಲೇರಿಯವರು ಪಾರಾಗುವುದಿಲ್ಲ. ಅಣ್ಣನ ಮಗಳ ಪಟ್ಟವನ್ನು ಚಿಕ್ಕಪ್ಪ ಕಸಿದನು. ತಂಗಿ ಪ್ರಾಣ ಉಳಿಸಿಕೊಳ್ಳಲು ಅಣ್ಣನಿಂದ ಓಡಬೇಕಾಯಿತು. ಹಣದ ಮೊಕದ್ದಮೆಗೆ ಬಲ ಬರಲೆಂದು ತಂದೆ ಮಗಳನ್ನು ರಾಣಿಯ ಮಡಿಲಿಗೆ ಹಾಕಿದನೆಂಬ ಸಂಶಯವೂ ನ್ಯಾಯವಾದದ್ದೇ. ಇಬ್ಬರು ದೇವಮ್ಮಾಜಿಯರು, ಒಬ್ಬಳು ಗೌರಮ್ಮ: ಈ ಮನೆಯ ಮೂರು ತಲೆಮಾರಿನ ದಾವೆಗಳೆಲ್ಲ ಹೆಣ್ಣುಮಕ್ಕಳ ಹೆಸರಿನಲ್ಲಿಯೋ ನೆಪದಲ್ಲಿಯೋ ನಡೆದುವು, ಫಲ ಮಾತ್ರ ಅವರ ಕೈಗೆ ಬರಲಿಲ್ಲ.

ಮಾಸ್ತಿಯವರು 1956ರಲ್ಲಿ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಬರೆದು ಈ ದುರಂತವನ್ನು ಕನ್ನಡಿಗರ ಮನೆಮಾತಾಗಿಸಿದರು. 1983ರಲ್ಲಿ ಅವರಿಗೆ ಜ್ಞಾನಪೀಠ ಬಂದಾಗ ಈ ಕೃತಿ ಮತ್ತೆ ಎಲ್ಲರ ಬಾಯಲ್ಲಿತ್ತು. 2010ರಲ್ಲಿ ಸಿ. ಪಿ. ಬೆಳ್ಳಿಯಪ್ಪನವರು ಗೌರಮ್ಮನ ಮೇಲೆಯೇ ಇಂಗ್ಲಿಷಿನಲ್ಲಿ ಒಂದು ಗ್ರಂಥ ಪ್ರಕಟಿಸಿದರು. ತಂದೆಯ ಕಥೆಯಲ್ಲಿ ಪಾತ್ರವಾಗಿದ್ದವಳು ತನ್ನದೇ ಕಥೆಯ ನಾಯಕಿಯಾಗಲು ಒಂದೂವರೆ ಶತಮಾನ ಹಿಡಿಯಿತು.

ಕಾಲಿನ್ಸನ ಕಾದಂಬರಿಯ ಕೊನೆಯಲ್ಲಿ ವಜ್ರವು ಸೋಮನಾಥಕ್ಕೆ ಮರಳಿ ದೇವರ ಹಣೆಯನ್ನು ಸೇರುತ್ತದೆ. ಇಂಗ್ಲಿಷ್ ಲೇಖಕನೊಬ್ಬನು 1868ರಲ್ಲೇ ಹಾಗೆ ಮುಗಿಸಿದನೆಂಬುದು ಅವನ ದೊಡ್ಡತನ. ಮಡಿಕೇರಿಯ ಗದ್ದಿಗೆಯಲ್ಲಿ ದೊಡ್ಡವೀರರಾಜನೂ ಲಿಂಗರಾಜನೂ ಮಲಗಿದ್ದಾರೆ. ಗುಮ್ಮಟಗಳನ್ನು ನೋಡಲು ಬರುವವರು ಟಿಪ್ಪುವನ್ನು ಗೆದ್ದ ಕಥೆ ಕೇಳಿ ಹಿಂದಿರುಗುತ್ತಾರೆ. ದೂರದ ಬ್ರಾಂಪ್ಟನ್ನಿನಲ್ಲಿ ಮಲಗಿರುವ ಹುಡುಗಿ ಕೊಡಗನ್ನು ಒಮ್ಮೆಯೂ ಕಣ್ಣಿಂದ ಕಂಡವಳಲ್ಲ. ಆದರೂ ಅವಳ ಸಮಾಧಿಯ ಕಲ್ಲಿನ ಮೇಲೆ ಕೊಡಗಿನ ಹೆಸರು ಕೊರೆದಿದೆ.